ಸತ್ಯಪ್ಪ ತಿಂದ ಪೆಟ್ಟು

ಮೆಂತ್ಯಪಲ್ಲೆಯ ಸಿವುಡಿನ ನೀರು ಝಾಡಿಸದೆ ಹಾಗೇ ಚೀಲಕ್ಕೆ ಹಾಕಿಕೊಂಡಿದ್ದರೆ ಸತ್ಯಪ್ಪನ ಆ ದಿನವೂ ಉಳಿದ ದಿನಗಳ ಹಾಗೆ ಸುಮ್ಮನೆ ಕಳೆದುಹೋಗುತ್ತಿತ್ತು. ಆದರೆ ಚೀಲ ತೊಯ್ದರೆ ಹೆಂಡತಿ ದೀಪಾಲಿ ಬೈಯುತ್ತಾಳೆಂಬ ಹೆದರಿಕೆ. ಐನಾಪುರದ ಸಂತೆಯ ನಟ್ಟನಡುವೆ ನಿಂತು ಅವನು ಸಿವುಡನ್ನು ಎತ್ತಿ ಜೋರಾಗಿ ಝಾಡಿಸಿದ. ನೀರೆಲ್ಲ ಹೋಗಿ ಹಾಲಸಿದ್ದನ ಟಗರಿನ ಮೂತಿಗೆ ಬಿತ್ತು.

ಅದು ಸಾಧಾರಣ ಟಗರಲ್ಲ. ಕುರಿಗಾರ ಹಾಲಸಿದ್ದ ಅದನ್ನು ಟಗರು ಕಾಳಗದ ಕಣಕ್ಕೆಂದೇ ಬೆಳೆಸಿದ್ದ. ಅದರ ಎದುರು ನಿಂತು ಬಂದ ಟಗರುಗಳು ಆಮೇಲೆ ಬಹಳ ದಿನ ಹುಲ್ಲನ್ನೂ ಅನುಮಾನದಿಂದ ಮೂಸುತ್ತಿದ್ದವು. ಮೂತಿ ಒದ್ದೆಯಾದ ಟಗರು ಸತ್ಯಪ್ಪನನ್ನು ಒಮ್ಮೆ ನೋಡಿ ಮೆಲ್ಲಗೆ ಹಿಂದೆ ಸರಿಯಿತು. ಹಿಂದೆ ಸರಿದ ಟಗರು ಹೆದರಿದ ಟಗರಲ್ಲ ಎಂಬುದು ಆ ಕಡೆ ಎಲ್ಲರಿಗೂ ಗೊತ್ತು. ಸತ್ಯಪ್ಪನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕಾಲು ಏಳುವುದು ಬೇರೆ.

ಢಬ್!

ಹಗ್ಗ ಹಾಲಸಿದ್ದನ ಕೈಯಲ್ಲಿದ್ದುದರಿಂದ ಅರ್ಧ ಜೋರು ಹಗ್ಗಕ್ಕೇ ಹೋಯಿತು. ಉಳಿದರ್ಧ ಸತ್ಯಪ್ಪನ ಹೊಟ್ಟೆಗೆ ಬಂತು. ಅವನ ಹಿಂದೆ ಎರಡು ಉಳ್ಳಾಗಡ್ಡಿ ಚೀಲಗಳಿದ್ದವು. ಮೊಣಕಾಲಿನ ಹಿಂಭಾಗ ಆ ಚೀಲಗಳ ನಡುವೆ ಸಿಕ್ಕು, ಬೀಳಬೇಕೆಂದರೂ ಬೀಳಲು ಜಾಗವಿರಲಿಲ್ಲ. ಕೂಗೋಣವೆಂದರೆ ಉಸಿರೆಂಬುದು ಮೈಯಲ್ಲಿ ಉಳಿದಿರಲಿಲ್ಲ. ಕಣ್ಣು ಅಗಲವಾಗಿ, ಬಾಯಿ ಬಿಗಿದು, ಎತ್ತಿದ ಕೈಯಲ್ಲಿ ಮೆಂತ್ಯದ ಸಿವುಡು ಹಿಡಿದು ಅವನು ಸರ್ಕಲ್ಲಿನ ಪುತ್ಥಳಿಯ ಹಾಗೆ ನಿಂತುಬಿಟ್ಟ. ಟಗರು ತಲೆ ಕೊಡವಿ, ಇದೇನೋ ಬೇರೆ ಜಾತಿಯ ಗೋಡೆಯೆಂಬಂತೆ ಮೂಸಿ, ಮುಖ ತಿರುಗಿಸಿತು.

ಸಂತೆಯಲ್ಲಿ ತಕ್ಕಡಿ ಹಿಡಿದವರ ಕೈಗಳು ಅಲ್ಲೇ ನಿಂತವು.

"ಮಾಯವ್ವ ತಾಯೀ! ಹಾಂ ಅನಲಿಲ್ಲ, ಹೂಂ ಅನಲಿಲ್ಲ!" ಎಂದು ಮೊದಲು ಬಾಯಿಬಿಟ್ಟವನು ಚಹಾದಂಗಡಿಯ ಮುರಗೆಪ್ಪ. ಊರಿನ ಸುದ್ದಿ ಅವನ ಅಂಗಡಿಗೆ ನಡೆದುಕೊಂಡು ಬಂದರೆ ಹೊರಗೆ ಹಾರಿಕೊಂಡೇ ಹೋಗುತ್ತಿತ್ತು. "ನೋಡ್ರಿಲೇ, ಕಣ್ಣ ಸುದ್ದಾ ಪಿಳಕಿಸವಲ್ಲ! ಇದು ಮೈ ಅಲ್ಲ, ಕಬ್ಬಿಣಾ!"

ಸ್ವಲ್ಪ ಹೊತ್ತಿನ ಮೇಲೆ ಸತ್ಯಪ್ಪನ ಎದೆಗೆ ಸೂಜಿಯ ದಾರದಷ್ಟು ಗಾಳಿ ಇಳಿಯಿತು. ಆ ಗಾಳಿಯಲ್ಲೇ ಅವನು "ನೀ... ನೀರು" ಎಂದ.

"ಕೇಳಿದ್ರ್ಯಾ? ಟಗರಿಗೆ ನೀರ ಕುಡಸ್ರಿ ಅನ್ನಾಕತ್ತಾನ!" ಎಂದು ಮುರಗೆಪ್ಪ ಕೂಗಿದ. "ಹಾಯ್ದ ಟಗರಿನ ಮ್ಯಾಲೂ ಎಷ್ಟ ಮಾಯಾ-ಮಮತಾ ನೋಡ್ರಿ!"

ಹಾಲಸಿದ್ದ ಓಡಿಬಂದು ಸತ್ಯಪ್ಪನ ಕಾಲು ಹಿಡಿದ. ಟಗರಿಗೆ ಬಕೆಟ್ಟು ತುಂಬ ನೀರು ಬಂತು. ಸತ್ಯಪ್ಪನಿಗೆ ಒಂದು ಹನಿಯೂ ಸಿಗಲಿಲ್ಲ.

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿ, ಕಾಲು ತೊಳೆದುಕೊಂಡು, ಒಳಗೆ ಕುಳಿತಿತ್ತು. ಪಕ್ಕದ ಮನೆಯ ಸತ್ತೆವ್ವ ಬಾಗಿಲಲ್ಲೇ ಅವನನ್ನು ತಡೆದು, ಜೋಳದ ತೆನೆ ಬಲಿತಿದೆಯೋ ಎಂದು ನೋಡುವ ಹಾಗೆ ಹೊಟ್ಟೆಯನ್ನು ಬೆರಳಿನಿಂದ ಒತ್ತಿದಳು. ನೋವಿಗೆ ಸತ್ಯಪ್ಪ ಹೊಟ್ಟೆ ಬಿಗಿಹಿಡಿದ.

"ಯವ್ವಯವ್ವಾ! ಕಲ್ಲ ಐತಿ ಕಲ್ಲ!"

ದೀಪಾಲಿ ಒಳಗಿನಿಂದ ಬಂದಳು. ಇದೇ ಗಂಡ ಹೋದ ವರ್ಷ ಸೂಜಿ ಮಾಡಿಸಿಕೊಳ್ಳುವಾಗ ದವಾಖಾನೆಯ ಕಿಟಕಿಯ ಸರಳು ಹಿಡಿದು ಒದರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸಲು ಪಟಾಕಿ ಹೊಡೆಯಬೇಕಾದರೂ ಬತ್ತಿಗೆ ಕಿಡಿ ಹಚ್ಚುವವಳು ಅವಳೇ. ಅವನು ಕಿವಿ ಮುಚ್ಚಿಕೊಂಡು ಬಾಂದಿನಾಚೆ ಕೂರುತ್ತಿದ್ದ.

"ರೀ, ಖರೇನ? ಟಗರ ಹಾಯ್ದರೂ ಅಳಗಾಡಲಿಲ್ಲಂತ?"

ನಿಜ ಹೇಳಲು ಸತ್ಯಪ್ಪ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಅವಳ ಕಣ್ಣು ನೋಡಿದ. ಆ ಕಣ್ಣಲ್ಲಿ ಅಂಥ ಬೆಳಕನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ. ಅವತ್ತು ಕರೆಂಟು ಹೋಗಿತ್ತು. ಅವಳ ಕೈಯಲ್ಲಿ ತುಪ್ಪ ಸವರಿದ ಬಿಸಿ ಚಪಾತಿ ಬೇರೆ ಇತ್ತು.

"ಏನ ದೊಡ್ಡದಲ್ಲ ಬಿಡ" ಎಂದ.

ಆ ಒಂದು ಮಾತಿನಿಂದ ಅವನು ಸಿಕ್ಕಿಬಿದ್ದ.

ಚಪಾತಿ ಮುಗಿಯುವ ಮೊದಲೇ ರಾಜಮತಿ ಬಾಯಿ ಬಂದರು. ಊರಿನ ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಯಾವಾಗಲೋ ಮುರಿದ ಮೂಗು ಸ್ವಲ್ಪ ಎಡಕ್ಕೆ ವಾಲಿ ಕೂತಿದ್ದರಿಂದ ಅವರು ಸುಮ್ಮನಿದ್ದರೂ ಏನೋ ಯೋಚಿಸುತ್ತಿದ್ದಾರೆನಿಸುತ್ತಿತ್ತು. ಸಂಜೆ ಹೊತ್ತು ಖಾಲಿ ಬಿದ್ದ ಮಣೂಕಿನ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು.

"ಸತ್ಯಪ್ಪಣ್ಣಾರ, ನಿಮ್ಮ ಕಡೆ ಒಂದ ಕೆಲಸ ಐತ್ರಿ" ಎಂದು ಅವರು ನೇರವಾಗಿ ಮಾತಿಗಿಳಿದರು. "ನಮ್ಮ ಭಾಗ್ಯಾ ನಾಳೆ ಮುಂಜಾನೆ ಬೆಳಗಾವಿಗೆ ಆಡಾಕ ಹೋಗಬೇಕು. ಅವರಪ್ಪ ಬಿಡವಲ್ಲ. ಕಣ್ಣಿನ ಹತ್ರ ಒಂದು ಕಲೆ ಕಂಡನಂತ, ಹೆಣ್ಣಿನ ಮೈ ಪೆಟ್ಟ ತಿನ್ನಾಕಲ್ಲ ಅಂತ ಹಟಾ ಹಿಡದಾನ. ಆಂವನ ಮಾತ ಕೇಳಿ ಉಳದವರೂ ಮಕ್ಕಳನ್ನ ಬಿಡಿಸಾಕತ್ತಾರ. ಇವತ್ತ ಸಂಜೀಕ ಎಲ್ಲಾರನ್ನೂ ಕರದೀನಿ."

"ಯಾರ ಮಗಳ್ರಿ ಆಕಿ?"

"ಹಾಲಸಿದ್ದಂದು."

"ಟಗರಿನ ಹಾಲಸಿದ್ದಂದಾ?" ಸತ್ಯಪ್ಪನ ಹೊಟ್ಟೆ ತಾನಾಗಿಯೇ ಒಳಗೆ ಸರಿಯಿತು.

"ಹೌದ್ರಿ. ನೀವ ಬಂದು, ಎಲ್ಲಾರ ಮುಂದ ಭಾಗ್ಯಾನ ಕೈಲೆ ಹೊಟ್ಟಿಗೆ ಒಂದ ಪೆಟ್ಟ ತಗೊಂಡು, ಮೈಯನ್ನ ಪೆಟ್ಟಿಗೆ ತಯಾರ ಮಾಡಬಹುದು ಅಂತ ಒಂದ ಮಾತ ಹೇಳ್ರಿ. ಇವತ್ತ ಈ ಊರಾಗ ನಿಮ್ಮ ಮಾತಿಗಿದ್ದ ಕಿಮ್ಮತ್ತು ಯಾರ ಮಾತಿಗೂ ಇಲ್ಲ."

"ಹುಡುಗಿ ಸಣ್ಣಾಕಿ ಏನ್ರಿ?"

"ಪಿಯುಸಿ ಓದಾಕತ್ತಾಳ."

ಸತ್ಯಪ್ಪನಿಗೆ ತುಸು ಧೈರ್ಯ ಬಂತು. "ಪೆಟ್ಟು ಹ್ಯಾಂಗಿರ್ತೈತ್ರಿ ಆಕೀದು?"

"ಹೋದ ತಿಂಗಳ ಮರಳಿನ ಚೀಲದ ಹೊಲಿಗಿ ಬಿಚ್ಚಿತ್ರಿ."

"ಬರ್ತಾರ್ರಿ ಬಾಯಾರ!" ಎಂದು ದೀಪಾಲಿ ಒಳಗಿನಿಂದಲೇ ಹೇಳಿಬಿಟ್ಟಳು. "ಟಗರಿಗೆ ಅಂಜದವ್ರು ಹುಡುಗಿಗೆ ಅಂಜತಾರೇನು?"

ಬಾಯಿಯವರು ಹೋದ ಮೇಲೆ ಸತ್ಯಪ್ಪ ತೋಟಕ್ಕೆ ಹೋಗಿಬರುತ್ತೇನೆಂದು ಹೇಳಿ, ತಲೆಗೆ ಟವೆಲ್ಲು ಮುಸುಕು ಹಾಕಿಕೊಂಡು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋದ. ಚಿಂಚಲಿಯಲ್ಲಿ ಅಕ್ಕ ಅಕ್ಕುತಾಯಿಯ ಮನೆ ಇತ್ತು. ಎರಡು ದಿನ ಅಲ್ಲಿದ್ದರೆ ಊರಿಗೆ ಮತ್ತೊಂದು ಸುದ್ದಿ ಸಿಕ್ಕೀತು ಎಂಬ ಲೆಕ್ಕ. ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಹಚ್ಚಿ ಕೂತ.

ಕಂಡಕ್ಟರ್ ಬಂದವನು ಟವೆಲ್ಲಿನೊಳಗೆ ಬಗ್ಗಿ ನೋಡಿದ. "ಅರೇ! ನೀವ ಅಲ್ಲೇನ್ರಿ, ಟಗರ?"

"ಟಗರ ನಾ ಅಲ್ರಿ" ಎಂದ ಸತ್ಯಪ್ಪ.

"ಅಂದ್ರ ಟಗರ ಹಾಯ್ದವ್ರು! ಡ್ರೈವರ ಸಾಹೇಬ್ರ, ಗಾಡಿ ತಡೀರಿ ಒಂದೀಟು!"

ಡ್ರೈವರನೂ ಇಳಿದು ಬಂದ. ಒಬ್ಬ ಮುದುಕ ತನ್ನ ಬೆನ್ನುನೋವಿಗೆ ಸತ್ಯಪ್ಪನ ಕೈಯಿಂದ ಒಮ್ಮೆ ಸವರಿಸಿಕೊಂಡ. ಮಹಿಳೆಯರ ಸೀಟಿನಿಂದ ಯಾರೋ ಮರಾಠಿಯಲ್ಲಿ "ಹಾಚ್ ಕಾ ತೋ?" ಎಂದು ಕೇಳಿ, ಇವನೇ ಎಂದು ಗೊತ್ತಾದ ಮೇಲೆ ಕೈಮುಗಿದರು. ಈ ಗದ್ದಲ ಕೇಳಿ ಚಹಾದಂಗಡಿಯಿಂದ ಮುರಗೆಪ್ಪ ಓಡಿಬಂದ.

"ಏ ಸತ್ಯಪ್ಪಾ! ಮಣೂಕಿನ ಶೆಡ್ಡ ಆ ಕಡೆ ಐತಿ, ನೀ ಈ ಕಡೆ ಬಸ್ಸ ಹತ್ತಿ ಕುಂತೀಯಲ್ಲೋ! ಪೆಟ್ಟ ಹತ್ತಿದ್ದು ಹೊಟ್ಟಿಗೋ ತಲೀಗೋ?"

ಬಸ್ಸಿನವರೆಲ್ಲ ಸೇರಿ ಅವನನ್ನು ಹೂವಿನ ಹಾಗೆ ಇಳಿಸಿ ಮುರಗೆಪ್ಪನ ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿದರು.

ಶೆಡ್ಡಿನ ಬಾಗಿಲಲ್ಲಿ ಇಳಿದಾಗ ಒಳಗಿನಿಂದ ಒಂದೇ ಸಮ ಎರಡು ಸದ್ದು ಬರುತ್ತಿದ್ದವು. ಮೊದಲು 'ಹುಶ್', ಆಮೇಲೆ 'ಧೊಪ್'. ಮುರಗೆಪ್ಪನನ್ನು ಕಳಿಸಿ ಸತ್ಯಪ್ಪ ಮೆಲ್ಲಗೆ ಇಣುಕಿದ.

ದ್ರಾಕ್ಷಿ ಹರವುವ ಬಲೆಗಳನ್ನು ಮೇಲಕ್ಕೆ ಸುತ್ತಿಟ್ಟಿದ್ದರು. ಕೆಳಗೆ ಚಾಪೆಯ ಮೇಲೆ ಒಬ್ಬ ತೆಳ್ಳನೆಯ ಹುಡುಗಿ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ನಿಂತ ರಾಜಮತಿ ಬಾಯಿ ಅವಳ ಹೊಟ್ಟೆಯ ನೇರಕ್ಕೆ ಕಲ್ಲಂಗಡಿಯಷ್ಟು ದೊಡ್ಡ ಚರ್ಮದ ಚೆಂಡನ್ನು ಎದೆಯೆತ್ತರಕ್ಕೆ ಹಿಡಿದಿದ್ದರು. "ತಯಾರ?" ಎಂದರು. "ಹ್ಞೂಂ" ಎಂದಳು ಹುಡುಗಿ. ಚೆಂಡು ಕೈಬಿಟ್ಟಿತು. ಸತ್ಯಪ್ಪ ಕಣ್ಣು ಮುಚ್ಚಿದ.

ಹುಶ್. ಧೊಪ್.

ಕಣ್ಣು ತೆರೆದಾಗ ಚೆಂಡು ಪಕ್ಕಕ್ಕೆ ಉರುಳಿತ್ತು. ಹುಡುಗಿ ಅದನ್ನು ತಾನೇ ಎತ್ತಿ ಬಾಯಿಯವರ ಕೈಗೆ ಕೊಟ್ಟಳು. ಮುಖದಲ್ಲಿ ನೋವೂ ಇಲ್ಲ, ಜಂಬವೂ ಇಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದಿದವಳ ಮುಖದ ಹಾಗಿತ್ತು. ಮತ್ತೆ ಮಲಗಿದಳು. ಮತ್ತೆ ಚೆಂಡು ಬಿತ್ತು. ಅದು ಬೀಳುವ ಕ್ಷಣಕ್ಕೆ ಸರಿಯಾಗಿ ಅವಳ ಬಾಯಿಯಿಂದ ಉಸಿರು ಹೊರಗೆ ಹಾರುತ್ತಿತ್ತು, ಹೊಟ್ಟೆ ಹಲಗೆಯಾಗುತ್ತಿತ್ತು, ಮರುಕ್ಷಣ ಮತ್ತೆ ಹೊಟ್ಟೆಯಾಗುತ್ತಿತ್ತು. ಸತ್ಯಪ್ಪ ಜೀವನದಲ್ಲಿ ಇಂಥದನ್ನು ಕಂಡಿರಲಿಲ್ಲ. ಅವನಿಗರಿವಿಲ್ಲದೆ ಕಾಲಿನ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋಗಿದ್ದ.

"ಬಾಯಾರ" ಎಂದ. "ನಾ ನಿಂತಿರಲಿಲ್ರಿ. ಉಳ್ಳಾಗಡ್ಡಿ ಚೀಲ ನನ್ನ ನಿಂದ್ರಿಸಿದ್ವು. ಉಸರ ಹೋಗಿತ್ತು, ಅದಕ್ಕ ಒದರಲಿಲ್ಲ. ನಾ ಅಂಜಬುರಕ ಮನಷ್ಯಾ."

"ಗೊತ್ತೈತ್ರಿ" ಎಂದರು ಬಾಯಿಯವರು. "ಸಂತ್ಯಾಗ ನಾನೂ ಇದ್ನಿ. ಉಸರ ಹೋದವರ ಮಾರಿ ಭಾಳ ನೋಡೀನಿ. ನನ್ನ ಮಾರೀನೂ ಹಂಗಾಗಿತ್ತು ಒಮ್ಮೆ."

"ಗೊತ್ತಿದ್ದೂ ಕರದ್ರ್ಯಾ?"

"ಊರು ನನ್ನ ಮಾತ ನಂಬವಲ್ದು, ನಿಮ್ಮನ್ನ ನಂಬೇತಿ. ಏನ ಮಾಡ್ಲಿ? ಒಂದ ಹದವಾದ ಪೆಟ್ಟ ತಗೊಳ್ಳೂದನ್ನ ಒಂದ ಮಧ್ಯಾಹ್ನದಾಗ ಯಾರಿಗರೆ ಕಲಿಸಬಹುದು. ನಿಮಗೂ ಕಲಿಸಬಹುದು. ಅಂಗಿ ಗುಂಡಿ ಬಿಚ್ರಿ."

ಭಾಗ್ಯಾ ಎದ್ದು ಬಂದು "ಅಂಜಬ್ಯಾಡ್ರಿ ಕಾಕಾ" ಎಂದಳು. "ನನಗೂ ಮೊದಲ ಈ ಚೆಂಡ ಮುಟ್ಟಗೊಡಲಿಲ್ಲ ಬಾಯಾರು. ಆರಂಭಕ್ಕ ಬರೇ ಅಂಗೈಲೆ ತಟ್ಟೂದು. ಆಮ್ಯಾಲ ಗ್ಲೋವ್ಸ್ ಹಾಕ್ಕೊಂಡು ಹಗುರ. ಹಂಗ ಭಾಳ ದಿನಾ. ಮೈಗೆ ಕಲಿಸಬೇಕ್ರಿ, ಪೆಟ್ಟ ಬರಾಕತ್ತೈತಿ, ಬಾಗಲಾ ಹಾಕೋ ಅಂತ. ಪೆಟ್ಟ ಹೋತಂದ್ರ ಬಾಗಲಾ ತಗಿ ಅಂತ. ಯಾವಾಗಲೂ ಹಾಕ್ಕೊಂಡ ಕುಂತ್ರ ದಣೀತೈತ್ರಿ ಮೈ."

ಅವಳು ಅಂಗೈಯಿಂದ ಮೊದಲ ಸಲ ತಟ್ಟಿದಾಗ ಸತ್ಯಪ್ಪ ಗೋಡೆಯವರೆಗೆ ಹೋಗಿ ನಿಂತ. ಎರಡನೆಯ ಸಲ ಕಂಬ ಹಿಡಿದ. ಮತ್ತೊಮ್ಮೆ ತಟ್ಟಿದಾಗ ಉಸಿರು ಬಿಡುವ ಬದಲು ಎಳೆದುಕೊಂಡು ಕೆಮ್ಮಿದ. ಬಾಯಿಯವರು ಬೈಯಲಿಲ್ಲ, ನಗಲೂ ಇಲ್ಲ. "ಉಸರ ಹೊರಗ. ಗದ್ದ ಕೆಳಗ. ಕಣ್ಣ ಮುಚ್ಚಬ್ಯಾಡ್ರಿ, ಪೆಟ್ಟಿನ ಮಾರಿ ನೋಡ್ರಿ" ಎಂದು ಅದನ್ನೇ ಹೇಳುತ್ತ ಹೋದರು. ಭಾಗ್ಯಾ ಪ್ರತಿ ಸಲವೂ "ತಯಾರ ಏನ್ರಿ ಕಾಕಾ?" ಎಂದು ಕೇಳಿ, ಅವನು ಹ್ಞೂಂ ಎಂದ ಮೇಲೆಯೇ ತಟ್ಟಿದಳು. ಬಿಸಿಲು ಬಲೆಗಳ ಮೇಲಿಂದ ಇಳಿಯುವ ಹೊತ್ತಿಗೆ ಒಂದು ಸಲ, ಒಂದೇ ಸಲ, ಎಲ್ಲವೂ ಕೂಡಿಬಂದವು. ಗ್ಲೋವ್ಸಿನ ಕೈ ಬಂತು. ಹುಶ್ ಎಂದಿತು ಬಾಯಿ. ಹೊಟ್ಟೆ ಬಾಗಿಲು ಹಾಕಿಕೊಂಡಿತು. ಪೆಟ್ಟು ಹೊರಗೇ ನಿಂತು ತಿರುಗಿ ಹೋಯಿತು.

"ಹೋತು!" ಎಂದ ಸತ್ಯಪ್ಪ, ತನ್ನ ಹೊಟ್ಟೆಯನ್ನೇ ನೋಡುತ್ತ. "ಬಾಯಾರ, ಒಳಗ ಬರಲಿಲ್ರಿ ಅದು!"

ಸಂಜೆ ಶೆಡ್ಡು ತುಂಬಿತು. ತಂದೆತಾಯಿಗಳು ಹದಿನೈದು ಮಂದಿಯಿದ್ದರೆ ಟಗರು ಹಾಯ್ದ ಸತ್ಯಪ್ಪನನ್ನು ನೋಡಲು ಬಂದವರು ಅದರ ಐದು ಪಟ್ಟು. ದೀಪಾಲಿ ಹಸಿರು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮುರಗೆಪ್ಪ ಚಹಾದ ದೊಡ್ಡ ಥರ್ಮಾಸು ತಂದು ಅಲ್ಲೂ ವ್ಯಾಪಾರ ಹಚ್ಚಿದ್ದ. ಹಾಲಸಿದ್ದ ಮತ್ತು ಅವನ ಹೆಂಡತಿ ತಾರವ್ವ ಬಾಗಿಲ ಬಳಿ, ಯಾವಾಗ ಬೇಕಾದರೂ ಎದ್ದು ಹೋಗಬಹುದೆಂಬಂತೆ ಕುಕ್ಕರುಗಾಲಲ್ಲಿ ಕೂತಿದ್ದರು.

ಸತ್ಯಪ್ಪ ನಡುವೆ ನಿಂತ. ಭಾಗ್ಯಾ ಎದುರು ನಿಂತಳು.

"ತಯಾರ?"

"ಹ್ಞೂಂ."

ಮಧ್ಯಾಹ್ನದ ಪೆಟ್ಟುಗಳಿಗಿಂತ ಇದು ತುಸು ಭಾರವಾಗಿಯೇ ಬಂತು. ಗ್ಲೋವ್ಸು ಹೊಟ್ಟೆಗೆ ಬಿದ್ದ ಸದ್ದು ತಗಡಿಗೆ ಬಡಿದು ತಿರುಗಿ ಬಂತು. ಹುಶ್! ಸತ್ಯಪ್ಪ ಅರ್ಧ ಹೆಜ್ಜೆ ಹಿಂದೆ ಸರಿದ, ನಿಂತ. ಉಳ್ಳಾಗಡ್ಡಿ ಚೀಲವಿಲ್ಲದೆ ತನ್ನ ಕಾಲ ಮೇಲೆ ತಾನೇ ನಿಂತ. ಕಣ್ಣಲ್ಲಿ ನೀರು ಬಂತು. ಅದು ನೋವಿನದಲ್ಲ ಎಂದು ಅವನಿಗೆ ಮಾತ್ರ ಗೊತ್ತಿತ್ತು.

ಶೆಡ್ಡು ಶಿಳ್ಳೆ ಹೊಡೆಯಿತು. ದೀಪಾಲಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಹಾಲಸಿದ್ದ ಜನರನ್ನು ಸರಿಸಿಕೊಂಡು ಬಂದು ಸತ್ಯಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಯಪ್ಪಾ, ನೀ ಮನಷ್ಯಾ ಅಲ್ಲ. ಚಿಂಚಲಿ ಮಾಯವ್ವ ನಿನ್ನ ಹೊಟ್ಟ್ಯಾಗ ಬಂದ ಕುಂತಾಳ" ಎಂದ. ಆಮೇಲೆ ರಾಜಮತಿ ಬಾಯಿಯ ಕಡೆ ತಿರುಗಿದ. "ನಾನೂ ಇದನ್ನ ಹೇಳಾಕತ್ತಿದ್ನಿ ಬಾಯಾರ. ಇಂಥಾ ಮೈ ದೇವರ ಕೊಡಬೇಕು. ನನ್ನ ಮಗಳಿಗೆ ಕೊಟ್ಟಿಲ್ಲ. ಆಕಿ ಹೋಗೂದಿಲ್ಲ ಬೆಳಗಾವಿಗೆ."

"ಖರೇ ಐತಿ" ಎಂದರು ಪಕ್ಕದಲ್ಲಿದ್ದವರು. "ಎಲ್ಲಾರೂ ಸತ್ಯಪ್ಪ ಆಗಾಕ ಆಕ್ಕೈತೇನ?" ಒಬ್ಬ ತಾಯಿ ಎದ್ದು ಮಗಳ ಕೈ ಹಿಡಿದಳು. ಮತ್ತೊಬ್ಬಳು ಎದ್ದಳು. ಭಾಗ್ಯಾ ಗ್ಲೋವ್ಸಿನ ಪಟ್ಟಿಯನ್ನು ಹಲ್ಲಿನಿಂದ ಬಿಚ್ಚತೊಡಗಿದಳು.

ಸತ್ಯಪ್ಪನ ಸಂತೋಷವೆಲ್ಲ ಜರ್ರನೆ ಇಳಿದುಹೋಯಿತು. ತಾನು ಬಿದ್ದಿದ್ದರೆ ಈ ಹುಡುಗಿಗೆ ತೊಂದರೆಯಿರಲಿಲ್ಲ. ನಿಂತದ್ದೇ ಅವಳಿಗೆ ಅಡ್ಡ ನಿಂತ ಹಾಗಾಯಿತಲ್ಲ!

"ಕೇಳ್ರಿ ಇಲ್ಲೆ!" ಎಂದು ಕೂಗಿದ. "ಮುಂಜಾನೆ ನಾ ನಿಂತಿದ್ದು ಸುಳ್ಳ. ಉಳ್ಳಾಗಡ್ಡಿ ಚೀಲದಾಗ ಕಾಲ ಸಿಕ್ಕಿತ್ತು. ಉಸರ ಹೋಗಿತ್ತು. ಈಗ ನಿಂತೀನಲ್ಲ, ಇದನ್ನ ಬಾಯಾರು ಮಧ್ಯಾಹ್ನ ಕಲಿಸಿದ್ದು. ನನ್ನ ಮೈಯಾಗ ದೇವ್ರೂ ಇಲ್ಲ, ದಿಂಡ್ರೂ ಇಲ್ಲ!"

ಮುರಗೆಪ್ಪ ಕೈಮುಗಿದು, "ನೋಡ್ರಿ! ಇಷ್ಟ ಇದ್ದೂ ಎಳ್ಳಷ್ಟ ದೊಡ್ಡಸ್ತನಾ ಇಲ್ಲ!" ಎಂದ. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು.

ಸತ್ಯಪ್ಪನಿಗೆ ಇನ್ನು ಒಂದೇ ದಾರಿ ಕಂಡಿತು. ಭಾಗ್ಯಾಳ ಬಳಿ ಹೋಗಿ ಪಿಸುಗುಟ್ಟಿದ: "ಗ್ಲೋವ್ಸ್ ಬಿಚ್ಚಬ್ಯಾಡ. ನಾ ನಿಮ್ಮಪ್ಪನ ಕೂಡ ಮಾತಾಡಕೋತ ನಿಂತಿರ್ತೀನಿ. ತಯಾರ ಇರೂದಿಲ್ಲ. ಆವಾಗ ಹೊಡಿ. ಈಗ ಹೊಡದ್ಯಲ್ಲ, ಅಷ್ಟ ಜೋರು."

"ಕಾಕಾ, ಹಂಗ ಹೊಡ್ಯಾಕ..."

"ಬೆಳಗಾವಿ ನೋಡಬೇಕಿದ್ರ ಹೊಡಿ."

ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅದ ಹುಡುಗಿ, ಅದ ಕೈ, ಅದ ಹೊಟ್ಟಿ. ಒಂದ ಫರಕು, ಈ ಸಲ ನಾ ತಯಾರಿಲ್ಲ. ನೋಡಕೋತ ಇರ್ರಿ." ಹಾಲಸಿದ್ದನ ಹೆಗಲ ಮೇಲೆ ಕೈಹಾಕಿ, ಹೊಟ್ಟೆಯನ್ನು ಹಿಟ್ಟಿನ ಚೀಲದಂತೆ ಸಡಿಲ ಬಿಟ್ಟು, "ಈ ಸಲ ಉಣ್ಣೀ ಧಾರಣಿ ಹ್ಯಾಂಗ ಐತಿ ಹಾಲಸಿದ್ದಾ, ಕಂಬಳ್ಯಾರು ಬಂದಿದ್ರ..." ಎನ್ನುವಷ್ಟರಲ್ಲಿ ಭಾಗ್ಯಾ ಮಿಂಚಿನ ಹಾಗೆ ಒಳಗೆ ಬಂದಳು.

ಧಡ್!

"ಯವ್ವಾ ಸತ್ನೋ!"

ಸತ್ಯಪ್ಪ ಬಿದ್ದ. ಬಿದ್ದನೆಂದರೆ ಸುಮ್ಮನೆ ಬೀಳಲಿಲ್ಲ. ಬುಡ ಕಡಿದ ಬಾಳೆಯ ಹಾಗೆ ಒಮ್ಮೆ ಓಲಾಡಿ, ಎರಡು ಕುರ್ಚಿಗಳನ್ನು ಜೊತೆಗೆ ಕರೆದುಕೊಂಡು, ಮುರಗೆಪ್ಪನ ಥರ್ಮಾಸನ್ನು ಉರುಳಿಸಿ, ಚಹಾದಲ್ಲಿ ಒಂದು ಸುತ್ತು ಹೊರಳಿ, ಹೊಟ್ಟೆ ಹಿಡಿದುಕೊಂಡು "ಅಯ್ಯಯ್ಯೋ, ಯಾರರೆ ದವಾಖಾನಿಗೆ ಒಯ್ರೋ!" ಎಂದು ಅಳತೊಡಗಿದ. ದೀಪಾಲಿ ಕಿರುಚಿ ಓಡಿಬಂದಳು. ಸತ್ತೆವ್ವ "ಹೋತು, ಕಬ್ಬಿಣಾ ಹೋತು!" ಎಂದಳು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಲಸಿದ್ದ ಮಾತ್ರ ಬಿದ್ದವನನ್ನು, ಮಗಳನ್ನು, ಮತ್ತೆ ಬಿದ್ದವನನ್ನು ನೋಡಿದ. ಏನೋ ಹೊಳೆದವನ ಹಾಗೆ ತಲೆಯ ರುಮಾಲು ತೆಗೆದ.

"ಟಗರಿನ ಮರಿ ತಂದು ಒಮ್ಮೆಗೇ ಕಣಕ್ಕ ಬಿಟ್ರ ಹಿಂಗ ಬೀಳ್ತೈತಿ" ಎಂದ ಮೆಲ್ಲಗೆ. "ಅದಕ್ಕ ನಾ ಮೊದಲ ಮೆತ್ತನ್ನ ಮರಳಿನ ಗುಡ್ಡಿಗೆ ಹಾಯಿಸತೀನಿ. ಆಮ್ಯಾಲ ಹಸೀ ಮಣ್ಣಿಗೆ. ಹಣಿಗೆ ಎಣ್ಣಿ ಹಚ್ಚಿ, ಕುತಗಿ ತಿಕ್ಕಿ, ತಿಂಗಳಾನಗಟ್ಟಲೆ. ಅದರ ಹಣೀ ದೇವರ ಕೊಟ್ಟದ್ದಲ್ಲ, ನಾ ಮಾಡಿದ್ದು." ಅವನು ರಾಜಮತಿ ಬಾಯಿಯ ಮುಂದೆ ನಿಂತ. "ಬಾಯಾರ, ನಾ ಟಗರಿಗೆ ಮಾಡಿದ್ದನ್ನ ನೀವು ನನ್ನ ಮಗಳಿಗೆ ಮಾಡೀರಿ, ಅಲ್ಲೇನ್ರಿ?"

"ಹೌದ್ರಿ" ಎಂದರು ಬಾಯಿಯವರು. "ಎಣ್ಣಿ ಒಂದ ಹಚ್ಚಿಲ್ಲ."

"ಆ ಚೆಂಡ ಎಲ್ಲೈತಿ? ಬೀಳಸ್ರಿ. ನಾ ನೋಡತೀನಿ."

ಭಾಗ್ಯಾ ಚಾಪೆಯ ಮೇಲೆ ಮಲಗಿದಳು. ಹುಶ್, ಧೊಪ್. ಹಾಲಸಿದ್ದ ಅಲುಗಾಡದೆ ನೋಡಿದ. ತಾರವ್ವ ಮಾತ್ರ ಮೊದಲ ಸಲ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮತ್ತೊಮ್ಮೆ ಬಿದ್ದಾಗ ಸೆರಗು ಸ್ವಲ್ಪ ಸರಿಯಿತು. ಆಮೇಲೆ ಪೂರ್ತಿ ಸರಿಯಿತು. ಎದ್ದು ನಿಂತಿದ್ದ ತಾಯಂದಿರು ಕೂತರು. ತಮ್ಮ ಮನೆಯಲ್ಲಿ ರೊಟ್ಟಿ ತಟ್ಟಿ, ಸೈಕಲ್ಲು ತುಳಿದು, ಕುರಿಗೆ ತಪ್ಪಲು ತರುವ ಈ ಹುಡುಗಿಯರೊಳಗೆ ಇಂಥದೊಂದು ಬೆಳೆಯುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಜನ ಆಗ ಭಾಗ್ಯಾಳನ್ನು ನೋಡಿದ ರೀತಿಯಲ್ಲಿ ಬೆಳಿಗ್ಗೆ ಸತ್ಯಪ್ಪನನ್ನೂ ನೋಡಿರಲಿಲ್ಲ.

"ಹೋಗಿ ಬಾ"  ಎಂದ ಹಾಲಸಿದ್ದ. ಅಷ್ಟು ಹೇಳಿ, ತೆಗೆದ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ.

ಚಹಾದಲ್ಲಿ ಮಲಗಿದ್ದ ಸತ್ಯಪ್ಪನ ನೆನಪು ಆಗ ಯಾರಿಗಿತ್ತು? ಮುರಗೆಪ್ಪನಿಗೆ ಮಾತ್ರ ಇತ್ತು, ಅದೂ ಥರ್ಮಾಸಿನ ಸಲುವಾಗಿ. "ನಂಗ ಮುಂಜಾನೆನ ಸಂಶಯ ಇತ್ತು ಬಿಡ್ರಿ" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. "ಉಳ್ಳಾಗಡ್ಡಿ ಚೀಲಾ ನಾನ ನೋಡಿದ್ನಿ."

ದೀಪಾಲಿ ಗಂಡನನ್ನು ಮನೆಗೆ ನಡೆಸಿಕೊಂಡು ಬಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದಳು. ಅವಳ ಕಣ್ಣಿನ ಆ ಬೆಳಕು ಹೋಗಿತ್ತು. "ಇದೆಲ್ಲಾ ಬೇಕಾಗಿತ್ತೇನ್ರಿ ನಿಮಗ?" ಎಂದು ಬೈಯುತ್ತಲೇ ಶಾಖ ಕೊಡಲು ಉಪ್ಪು ಹುರಿಯಲು ಒಳಗೆ ಹೋದಳು. ಸತ್ಯಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸೂರು ನೋಡುತ್ತ ಮಲಗಿದ. ಹೆಸರು ಹೋಗಿತ್ತು. ಆದರೂ ಒಳಗೊಳಗೆ ಅವನಿಗೆ ಒಂದು ಸಮಾಧಾನವಿತ್ತು. ಸೂಜಿಗೆ ಅಂಜುವ ತಾನು, ಬೇಕೆಂದೇ, ಮೈ ಸಡಿಲ ಬಿಟ್ಟು, ಮತ್ತೊಬ್ಬರ ಮಗಳಿಗಾಗಿ ಒಂದು ಇಡೀ ಪೆಟ್ಟು ತಿಂದಿದ್ದ. ಇದನ್ನು ಯಾರು ಕಸಿದುಕೊಳ್ಳಬಲ್ಲರು?

ಬಾಗಿಲಲ್ಲಿ ಭಾಗ್ಯಾ ಕಾಣಿಸಿದಳು. ಒಳಗೆ ಬಂದು ಅವನ ಪಾದ ಮುಟ್ಟಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಕಾಕಾ, ಹೋಗೂ ಮೊದಲ ಒಂದ ಖರೇ ಮಾತ ಹೇಳಬೇಕ್ರಿ."

"ಹೇಳವ್ವಾ."

"ಎರಡನೇ ಸಲ ನಾ ನಿಮಗ ಹೊಡೀಲೇ ಇಲ್ರಿ."

ಸತ್ಯಪ್ಪ ಹೊರಸಿನಲ್ಲಿ ಎದ್ದು ಕೂತ.

"ತಯಾರಿಲ್ಲದವರ ಮೈ ಮುಟ್ಟೂದಿಲ್ಲ ಅಂತ ಬಾಯಾರು ನಮ್ಮ ಕಡೆ ಆಣೀ ಮಾಡಿಸ್ಯಾರ್ರಿ. ನಿಮ್ಮ ಅಂಗಿಗೆ ಒಂದ ಬೊಟ್ಟಿನ ದೂರದಾಗ ಕೈ ನಿಂದ್ರಿಸಿದ್ನಿ. ಕಾಲ ಒಂದ ನೆಲಕ್ಕ ಜೋರ ಬಡದ್ನಿ. ನೀವು ಆ ಸಪ್ಪಳಕ್ಕ..." ಅವಳಿಗೆ ನಗು ಬಂತು. ತುಟಿ ಕಚ್ಚಿ ಹಿಡಿದುಕೊಂಡಳು.

"ಮತ್ತ ಈ ನೋವು?"

"ಅದು ಮೊದಲನೇದ್ರಿ. ಅದನ್ನ ಮಾತ್ರ ಛಲೋ ತಗೊಂಡ್ರಿ ಕಾಕಾ. ಖರೇನ, ಭಾಳ ಛಲೋ." ಆಮೇಲೆ ಗಾಬರಿಯಿಂದ ಸೇರಿಸಿದಳು: "ಯಾರ ಮುಂದೂ ಹೇಳಬ್ಯಾಡ್ರಿ. ಅಪ್ಪಗ ಗೊತ್ತಾತಂದ್ರ ಬಸ್ಸ ಹತ್ತಗೊಡಾಂಗಿಲ್ಲ."

ಅವನು ಹೇಳುವುದಿಲ್ಲವೆಂದು ತಲೆಯಾಡಿಸಿದ. ಹುಡುಗಿ ಹಗುರವಾಗಿ ಅಂಗಳ ದಾಟಿ ಹೋದಳು. ಅವಳು ಹೋದ ದಾರಿಯನ್ನೇ ಅವನು ಬೆರಗಿನಿಂದ ನೋಡಿದ. ಹೊಡೆದು ನಿಲ್ಲಿಸಿದ್ದಳು, ಹೊಡೆಯದೆ ಕೆಡವಿದ್ದಳು.

ಒಳಗಿನಿಂದ ದೀಪಾಲಿ ಬಂದಳು. ಕೈಯಲ್ಲಿ ಹೊಗೆಯಾಡುವ ಉಪ್ಪಿನ ಗಂಟು. "ಎಲ್ಲಿ ಹತ್ತೇತ್ರಿ ಎರಡನೇ ಪೆಟ್ಟು? ತೋರಸ್ರಿ."

ಸತ್ಯಪ್ಪ ಅತ್ತಿತ್ತ ನೋಡಿದ. ಹತ್ತದ ಪೆಟ್ಟಿಗೆ ಜಾಗ ಎಲ್ಲಿಂದ ತರುವುದು? ಕೊನೆಗೆ ಕೈಗೆ ಬಂದ ಕಡೆ ಬೆರಳಿಟ್ಟು "ಇಲ್ಲೆ" ಎಂದ.

"ಇಲ್ಲೇನೂ ಕಲೆ ಕಾಣವಲ್ದಲ್ಲ?"

"ಒಳಪೆಟ್ಟು" ಎಂದ.

"ಹಂಗಾರ ಜೋರ ಕೊಡಬೇಕು" ಎಂದು ಅವಳು ಗಂಟನ್ನು ಒತ್ತಿ ಹಿಡಿದಳು.

ಅವನು ಒದರಿದ್ದು ಓಣಿಯ ಆ ತುದಿಗೆ ಕೇಳಿಸಿತು. ಗೋಡೆಯಾಚೆಯಿಂದ ಸತ್ತೆವ್ವ ಲೊಚಗುಟ್ಟಿದಳು: "ಪಾಪ, ಹುಡುಗಿ ಭಾಳ ಜೋರ ಹೊಡದಾಳ."